ಮೂಲಾ ನಕ್ಷತ್ರಕ್ಕೆ ಯಾರ ಮಾವನ ಮೇಲೆ ಹಗೆ?

ಆಶ್ಲೇಷಾ ಅತ್ತೆಗಾಗದು, ಮೂಲಾ ಮಾವನಿಗಾಗದು, ಜ್ಯೇಷ್ಠಾ ಭಾವನಿಗಾಗದು, ವಿಶಾಖಾ ಮೈದುನನಿಗಾಗದು. ಹದಿನೇಳರ ಮಗ್ಗಿಯಲ್ಲಿ ತಡವರಿಸುವವರಿಗೂ ಈ ನಾಲ್ಕು ಮಾತು ಬಾಯಿಪಾಠ. ಹುಡುಗಿಯ ಓದು, ಗುಣ, ಆರೋಗ್ಯ ಕೇಳುವ ಮೊದಲೇ ನಾವು ನಕ್ಷತ್ರ ಕೇಳುತ್ತೇವೆ. ಈ ನಾಲ್ಕರಲ್ಲಿ ಒಂದಾದರೆ "ಆಮೇಲೆ ತಿಳಿಸ್ತೇವೆ" ಎಂದು ಫೋನ್ ಇಡುತ್ತೇವೆ. ಆ 'ಆಮೇಲೆ' ಎಂದೂ ಬರುವುದಿಲ್ಲವೆಂದು ಎರಡೂ ಕಡೆಯವರಿಗೂ ಗೊತ್ತು.

ಸ್ವಲ್ಪ ಲೆಕ್ಕ ಮಾಡೋಣ. ಚಂದ್ರ ನಡೆಯುವ ದಾರಿಯನ್ನು ಪಂಚಾಂಗದವರು 27 ಸಮಪಾಲು ಮಾಡಿದ್ದಾರೆ. ಒಂದೊಂದು ಪಾಲಿನಲ್ಲಿ ಚಂದ್ರ ಹೆಚ್ಚುಕಡಿಮೆ ಒಂದು ದಿನ ಇರುತ್ತಾನೆ. ಅಂದರೆ ಹುಟ್ಟುವ ಮಕ್ಕಳಲ್ಲಿ ಸುಮಾರು 27ಕ್ಕೊಂದು ಮೂಲಾ ನಕ್ಷತ್ರದ್ದು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ 540 ಹುಡುಗಿಯರು ನಿಂತಿದ್ದಾರೆ ಎನ್ನಿ. ಅವರಲ್ಲಿ ಸುಮಾರು 20 ಮಂದಿ ಮೂಲಾ. ನಾಲ್ಕೂ ನಕ್ಷತ್ರ ಸೇರಿಸಿದರೆ 80 ಮಂದಿ. ಎರಡು ಜಡೆ ಹಾಕಿಕೊಂಡು, ಕೈ ಮುಗಿದು, ಕಣ್ಣು ಮುಚ್ಚಿ ನಿಂತ ಆ ಮಕ್ಕಳಲ್ಲಿ 80 ಮಂದಿಯ ಮೇಲೆ, ಅವರು ಹುಟ್ಟಿದ ದಿನವೇ ನಾವು ಕೊಲೆಯ ಆರೋಪ ಹೊರಿಸಿಟ್ಟಿದ್ದೇವೆ. ಕಂಟಕ ಎನ್ನುವುದು ಮೆತ್ತನೆಯ ಮಾತು. ಮಾವ ಸಾಯುತ್ತಾನೆ, ಸಾಯಲು ಇವಳು ಕಾರಣ ಎಂಬುದೇ ಅದರ ಅರ್ಥ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಜಾತಕವನ್ನು ಮನೆಯವರು ಹೀಗೇ ತಿದ್ದಿಸಿದರು. ಹುಟ್ಟಿದ ಹೊತ್ತನ್ನು ಕೆಲವು ಗಂಟೆ ಮುಂದೆ ತಳ್ಳಿ ಮೂಲಾ ಇದ್ದದ್ದನ್ನು ಪೂರ್ವಾಷಾಢಾ ಎಂದು ಬರೆಸಿದರು. ಮದುವೆ ಆಯಿತು. ಒಳ್ಳೆಯ ಮನೆಯೇ. ಆದರೆ ಒಮ್ಮೆ ಸಿಕ್ಕಾಗ ಅವಳು ಹೇಳಿದ ಮಾತು ಇದು: "ಮೇಡಂ, ಮಾವನವರು ರಾತ್ರಿ ಕೆಮ್ಮಿದರೆ ನನ್ನ ಎದೆ ಝಲ್ ಅನ್ನುತ್ತೆ." ಅವಳು ನೌಕರಿ ಮಾಡುತ್ತಾಳೆ, ಸ್ಕೂಟರ್ ಓಡಿಸುತ್ತಾಳೆ, ಮಾವನ ಸಕ್ಕರೆ ಕಾಯಿಲೆಗೆ ತಾನೇ ಮಾತ್ರೆ ತಂದುಕೊಡುತ್ತಾಳೆ. ಆದರೂ ಮಾವನ ಕೆಮ್ಮಿಗೆ ತಾನು ಹೊಣೆ ಎಂದು ಒಳಗೊಳಗೇ ನಡುಗುತ್ತಾಳೆ. ಇಂಥ ತಿದ್ದಿದ ಜಾತಕ ನಮ್ಮ ಊರುಗಳಲ್ಲಿ ಎಷ್ಟಿವೆ ಎಂಬುದು ಬರೆದವರಿಗೆ ಗೊತ್ತು, ಬರೆಸಿದವರಿಗೆ ಗೊತ್ತು. ಗೊತ್ತಿದ್ದೂ ಇನ್ನೊಬ್ಬರ ಮಗಳ ಜಾತಕ ಕೈಗೆ ಬಂದಾಗ ಹರಿಶ್ಚಂದ್ರನ ವಂಶದವರಂತೆ ಮಾತಾಡುತ್ತೇವೆ.

ಇದಿಷ್ಟೂ ನಂಬಿಕೆ ಎಂದು ಹೇಳಿ ಬಿಟ್ಟಿದ್ದರೆ ನಾನು ನಂಬಿಕೆಯ ಜೊತೆ ಬೇರೆ ರೀತಿ ಜಗಳವಾಡುತ್ತಿದ್ದೆ. ಆದರೆ ಈಗ ಹೊಸದೊಂದು ವರಸೆ ಬಂದಿದೆ. ಟೀವಿಯ ಮುಂದೆ, ಮೊಬೈಲಿನೊಳಗೆ, ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲ ಕಡೆ ಒಂದೇ ಮಾತು: "ಇದು ಮೂಢನಂಬಿಕೆ ಅಲ್ಲ, ವಿಜ್ಞಾನ. ನಕ್ಷತ್ರಗಳಿಂದ ಕಿರಣಗಳು ಬರುತ್ತವೆ. ಹುಟ್ಟುವ ಮಗುವಿನ ಮೇಲೆ ಅವುಗಳ ಪ್ರಭಾವ ಬೀಳುತ್ತದೆ." ಸರಿ, ಹಾಗಾದರೆ ವಿಜ್ಞಾನವನ್ನೇ ಕೇಳೋಣ. ಕಿರಣದ ಮಾತೆತ್ತಿದವರು ಕಿರಣದ ಲೆಕ್ಕ ಕೊಡಲೇಬೇಕು. ನಾನು ಬಿ.ಎ., ಬಿ.ಎಡ್. ಮಾಡಿದ ಸಮಾಜ ಪಾಠದ ಮೇಡಂ. ವಿಜ್ಞಾನ ನನ್ನ ವಿಷಯವಲ್ಲ. ಆದರೆ ಆರೋಪ ಬಂದಾಗ ಸಾಕ್ಷಿ ಕೇಳಬೇಕು ಎಂಬಷ್ಟು ಪೌರನೀತಿ ನನಗೂ ಗೊತ್ತು. ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಆರೋಪಿಯ ಪರಿಚಯ. ಮೂಲಾ ಎಂದರೆ ಚೇಳಿನ ಆಕಾರದ ನಕ್ಷತ್ರಪುಂಜದ ಬಾಲದ ಭಾಗ. ರಾಶಿಯ ಲೆಕ್ಕದಲ್ಲಿ ಅದು ಧನುಸ್ಸಿಗೆ ಸೇರಿದರೂ ಕಣ್ಣಿಗೆ ಕಾಣುವುದು ಚೇಳಿನ ಕೊಂಡಿಯಲ್ಲಿ. ಅಲ್ಲಿ ಹೊಳೆಯುವ ಮುಖ್ಯ ನಕ್ಷತ್ರಕ್ಕೆ ಹೊರದೇಶದವರು ಶೌಲಾ ಎನ್ನುತ್ತಾರೆ. ಕಣ್ಣಿಗೆ ಒಂದೇ ಆಗಿ ಕಂಡರೂ ಅಲ್ಲಿ ಮೂರು ನಕ್ಷತ್ರಗಳಿವೆ. ದೊಡ್ಡದರ ಸುತ್ತ ಒಂದು ಸುಮಾರು ಆರು ದಿನಕ್ಕೊಮ್ಮೆ ಸುತ್ತುತ್ತದೆ, ಮತ್ತೊಂದರ ಸುತ್ತಿಗೆ ಸುಮಾರು 1053 ದಿನ ಬೇಕು. ಕೂಡು ಕುಟುಂಬ! ದೊಡ್ಡ ನಕ್ಷತ್ರದ ಮೇಲ್ಮೈಯ ಶಾಖ ಸುಮಾರು 25,000 ಡಿಗ್ರಿ. ನಮ್ಮ ಸೂರ್ಯನದು ಸುಮಾರು 5,800 ಮಾತ್ರ.

ಇಷ್ಟು ಬಿಸಿಯಾದ ನಕ್ಷತ್ರ ಯಾವ ಬಣ್ಣದ್ದು? ಕುಲುಮೆಯಲ್ಲಿ ಕಬ್ಬಿಣ ಕಾಯಿಸುವುದನ್ನು ನೋಡಿದವರಿಗೆ ಉತ್ತರ ಅರ್ಧ ಗೊತ್ತು. ಮೊದಲು ಕೆಂಪಗಾಗುತ್ತದೆ, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ನಕ್ಷತ್ರ ಅದನ್ನೂ ದಾಟಿ ನೀಲಿಗೆ ಹೋಗುತ್ತದೆ. ಆ ನೀಲಿಯಾಚೆ, ನೇರಳೆಯಾಚೆ, ನಮ್ಮ ಕಣ್ಣಿಗೆ ಕಾಣದ ಬೆಳಕೊಂದಿದೆ. ಅದೇ ನೇರಳಾತೀತ. ಮೂಲಾ ನಕ್ಷತ್ರ ತನ್ನ ಬೆಳಕಿನ ಬಹುಪಾಲನ್ನು ಸುರಿಯುವುದು ಈ ನೇರಳಾತೀತದಲ್ಲೇ. ನಮ್ಮ ಕಣ್ಣಿಗೆ ಬೀಳುವುದು ಅದರ ಚೂರು ಪಾಲು.

ಈಗ ಮುಖ್ಯ ವಿಷಯಕ್ಕೆ ಬನ್ನಿ. ಆ ತೀವ್ರ ನೇರಳಾತೀತ ಬೆಳಕು ನೆಲಕ್ಕೆ ಬರುವುದೇ ಇಲ್ಲ. ಮೇಲೆ ಓಝೋನ್ ಇದೆ, ಆಮ್ಲಜನಕವಿದೆ. ಅವು ಅದನ್ನು ಹೀರಿಬಿಡುತ್ತವೆ. ಹಾಗೆ ಹೀರದಿದ್ದರೆ ಸೂರ್ಯನ ನೇರಳಾತೀತವೇ ನಮ್ಮನ್ನೆಲ್ಲ ಸುಟ್ಟುಹಾಕುತ್ತಿತ್ತು. ಬೇರೆ ಮಾತಿನಲ್ಲಿ ಹೇಳುವುದಾದರೆ, ಮೂಲಾ ನಕ್ಷತ್ರ ಏನನ್ನು ಹೆಚ್ಚಾಗಿ ಕಳಿಸುತ್ತದೋ ಅದು ಹೆರಿಗೆ ಆಸ್ಪತ್ರೆಯ ಬಾಗಿಲಿಗೂ ಬರುವುದಿಲ್ಲ, ನಿಮ್ಮ ಮಾವನವರ ಕೋಣೆಗೂ ಬರುವುದಿಲ್ಲ. ಬಂದು ಸೇರುವ ಚೂರು ಬೆಳಕು ಅಲ್ಲಿಂದ ಹೊರಟು ಮುನ್ನೂರು ವರ್ಷಕ್ಕೂ ಹೆಚ್ಚಾಗಿರುತ್ತದೆ. ಆ ಬೆಳಕು ಹೊರಟಾಗ ಹುಡುಗಿಯೂ ಇರಲಿಲ್ಲ, ಮಾವನೂ ಇರಲಿಲ್ಲ, ಮಾವನ ಮುತ್ತಜ್ಜನೂ ಇರಲಿಲ್ಲ. ಹೆರಿಗೆ ಕೋಣೆಯ ಟ್ಯೂಬ್‌ಲೈಟು ಮಗುವಿನ ಮೈಮೇಲೆ ಚೆಲ್ಲುವ ಬೆಳಕಿನ ಮುಂದೆ ಅದು ಯಾವ ಲೆಕ್ಕಕ್ಕೂ ಇಲ್ಲ. ಕಿರಣದ ಪ್ರಭಾವವೇ ಆಗಿದ್ದರೆ ಜಾತಕದಲ್ಲಿ ಟ್ಯೂಬ್‌ಲೈಟಿನ ಕಂಪನಿಯ ಹೆಸರು ಬರೆಸಬೇಕಾಗುತ್ತದೆ. ಮಗು ಹುಟ್ಟುವ ಹೊತ್ತಿಗೆ ಮೂಲಾ ನಕ್ಷತ್ರ ದಿಗಂತದ ಕೆಳಗಿದ್ದರಂತೂ ನಡುವೆ ಇಡೀ ಭೂಮಿಯೇ ಅಡ್ಡ ನಿಂತಿರುತ್ತದೆ. ಆದರೂ ನಕ್ಷತ್ರ ಮೂಲಾ ಎಂದೇ ಬರೆಯುತ್ತಾರೆ.

ನೇರಳಾತೀತ ಕೆಳಗೆ ಬರುವುದಿಲ್ಲ ಎಂದಾದರೆ ಅದನ್ನು ಓದುವವರು ಮೇಲೆ ಹೋಗಬೇಕು. ಬಾನಿನಲ್ಲಿ ದೂರದರ್ಶಕ ಇಡಬೇಕೆಂದು ಅಮೆರಿಕದ ಲೈಮನ್ ಸ್ಪಿಟ್ಜರ್ ಬರೆದದ್ದು 1946ರಲ್ಲಿ, ಜಗತ್ತಿನಲ್ಲಿ ಒಂದೂ ಕೃತಕ ಉಪಗ್ರಹ ಇಲ್ಲದಿದ್ದಾಗ. ಆ ಮಾತು ನಿಜವಾಗಲು ಎಷ್ಟು ಸೋಲು ಬೇಕಾಯಿತು ನೋಡಿ. 1966ರಲ್ಲಿ ಹಾರಿದ ಮೊದಲ ಖಗೋಳ ವೀಕ್ಷಣಾಲಯ ಉಪಗ್ರಹ, ಉಪಕರಣಗಳು ಕೆಲಸ ಶುರು ಮಾಡುವ ಮೊದಲೇ, ಮೂರು ದಿನದೊಳಗೆ ವಿದ್ಯುತ್ ಕೆಟ್ಟು ಸತ್ತಿತು. 1968ರ ಡಿಸೆಂಬರಿನಲ್ಲಿ ಹೋದದ್ದು ಗೆದ್ದಿತು. 1970ರಲ್ಲಿ ಹೋದದ್ದಕ್ಕೆ ಮೇಲಿನ ಮುಚ್ಚಳವೇ ಕಳಚಲಿಲ್ಲ, ಬಿದ್ದುಹೋಯಿತು. 1972ರ ಆಗಸ್ಟ್ 21ರಂದು ಹೋದದ್ದು ಒಂಬತ್ತು ವರ್ಷದ ಹತ್ತಿರ ದುಡಿಯಿತು. ಅದಕ್ಕೆ ಕೋಪರ್ನಿಕಸ್ ಎಂದು ಹೆಸರಿಟ್ಟರು. 80 ಸೆಂಟಿಮೀಟರ್ ಅಗಲದ ಕನ್ನಡಿ ಅದರದು. ನಾಲ್ಕು ಪ್ರಯತ್ನದಲ್ಲಿ ಎರಡು ಸೋತವು. ಸೋತದ್ದಕ್ಕೆ ಯಾರೂ ಯಾವ ಸೊಸೆಯ ಕಾಲ್ಗುಣವನ್ನೂ ಬೈಯಲಿಲ್ಲ. ಎಲ್ಲಿ ಕೆಟ್ಟಿತು ಎಂದು ಹುಡುಕಿ ಮುಂದಿನದನ್ನು ಸರಿಯಾಗಿ ಕಟ್ಟಿದರು.

ಮೇಲೆ ಹೋಗಿ ಏನು ಓದಿದರು? ಅನ್ನ ಉಕ್ಕಿ ಗಂಜಿ ಒಲೆಗೆ ಬಿದ್ದಾಗ, ಉಪ್ಪಿನ ಹರಳು ಸಿಡಿದಾಗ, ಗ್ಯಾಸಿನ ನೀಲಿ ಉರಿ ಫಕ್ಕನೆ ಹಳದಿಯಾಗುವುದನ್ನು ನೀವೆಲ್ಲ ನೋಡಿದ್ದೀರಿ. ಆ ಹಳದಿ ಉಪ್ಪಿನಲ್ಲಿರುವ ಸೋಡಿಯಂನ ಗುರುತು. ಹಾಗೆ ಒಂದೊಂದು ಧಾತುವಿಗೂ ಅದರದೇ ಬಣ್ಣದ ಸಹಿ ಇದೆ. ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ಹರಡಿದರೆ ಆ ಸಹಿಗಳು ಗೆರೆಗಳಾಗಿ ಕಾಣುತ್ತವೆ. ಹೀಗೆ ಬಿಡಿಸಿದ್ದೇ ರೋಹಿತ. ನಿಜವಾದ ಜಾತಕ ಅಂದರೆ ಅದು! ನಕ್ಷತ್ರದ ಶಾಖ ಎಷ್ಟು, ಅದರಲ್ಲಿ ಏನೇನಿದೆ, ಅದು ಯಾವ ಕಡೆ ಎಷ್ಟು ವೇಗವಾಗಿ ಹೋಗುತ್ತಿದೆ, ಎಲ್ಲವೂ ಅದರಲ್ಲಿದೆ. ಯಾರಾದರೂ ಹೊತ್ತು ಮುಂದೆ ತಳ್ಳಿ ಅದನ್ನು ತಿದ್ದಿಸಲು ಆಗದು. ಬಿಸಿ ನಕ್ಷತ್ರಗಳ ಮುಖ್ಯವಾದ ಸಹಿಗಳೆಲ್ಲ ಇರುವುದು ನೇರಳಾತೀತದಲ್ಲೇ.

ಉಪಗ್ರಹಗಳು ಗೆಲ್ಲುವ ಮೊದಲು ರಾಕೆಟ್ಟುಗಳು ಕೆಲವು ನಿಮಿಷದ ಮಟ್ಟಿಗೆ ಮೇಲೆ ಹೋಗಿ ಇಣುಕಿ ಬರುತ್ತಿದ್ದವು. ಅಂಥ ಮೊದಮೊದಲ ಇಣುಕು ನೋಟಗಳಲ್ಲಿ, 1965ರಲ್ಲಿ, ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು ಓದಿದ್ದು ನಮ್ಮ ಅನುರಾಧಾ ನಕ್ಷತ್ರದ ಎರಡು ತಾರೆಗಳ ನೇರಳಾತೀತ ರೋಹಿತವನ್ನು. ಆಮೇಲೆ ಮೃಗಶಿರೆಯ ಕೆಳಗೆ ಸಾಲಾಗಿ ನಿಂತ ಮೂರು ನಕ್ಷತ್ರಗಳನ್ನು ನೋಡಿದರು. ಅವು ತಮ್ಮ ಮೈಯ ಅನಿಲವನ್ನೇ ಭಯಂಕರ ಗಾಳಿಯಾಗಿ ಹೊರಗೆ ಬೀಸುತ್ತಿದ್ದವು. ಇಂಥ ನಕ್ಷತ್ರಗಳ ಗಾಳಿಯ ವೇಗ ಸೆಕೆಂಡಿಗೆ 2000 ಕಿಲೋಮೀಟರ್ ದಾಟುವುದುಂಟು. ಬೆಂಗಳೂರಿನಿಂದ ದೆಹಲಿಗೆ ಒಂದು ಸೆಕೆಂಡು ಸಾಕು! ನೆಲದಿಂದ ಶಾಂತವಾಗಿ ಮಿನುಗುವ ಚುಕ್ಕಿಯೊಳಗೆ ಇಂಥ ಬಿರುಗಾಳಿ ಇದೆಯೆಂದು ಮೇಲೆ ಹೋದ ಮೇಲೆಯೇ ಚೆನ್ನಾಗಿ ಗೊತ್ತಾದದ್ದು.

ಬಿಸಿ ನಕ್ಷತ್ರ ಇನ್ನೊಂದು ಕೆಲಸಕ್ಕೂ ಬರುತ್ತದೆ. ಕತ್ತಲೆಯ ಓಣಿಯ ಆ ತುದಿಯಲ್ಲಿ ದೀಪವಿದ್ದರೆ ನಡುವೆ ಹೊಗೆ ಇದೆಯೋ ಮಂಜು ಇದೆಯೋ ತಿಳಿಯುತ್ತದಲ್ಲವೇ? ಹಾಗೆ ಬಿಸಿ ನಕ್ಷತ್ರವನ್ನು ದೀಪ ಮಾಡಿಕೊಂಡು, ಅದಕ್ಕೂ ನಮಗೂ ನಡುವಿನ ತೆಳು ಅನಿಲವನ್ನು ಕೋಪರ್ನಿಕಸ್ ಓದಿತು. 1973ರಲ್ಲಿ, ತ್ರಿಶಂಕು ನಕ್ಷತ್ರಗಳ ಪಕ್ಕದ ಬೀಟಾ ಸೆಂಟಾರಿಯ ದಿಕ್ಕಿನಲ್ಲಿ, ಡ್ಯೂಟೀರಿಯಂ ಎಂಬ ಭಾರ ಜಲಜನಕ ಎಷ್ಟಿದೆಯೆಂದು ಅಳೆದರು. ಅದು ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿ ಆದ ಧಾತು. 1983ರಲ್ಲಿ ಡೊನಾಲ್ಡ್ ಯಾರ್ಕ್ ಪ್ರಕಟಿಸಿದ ಇಂಥದೇ ಒಂದು ವಿವರವಾದ ಅಧ್ಯಯನಕ್ಕೆ ಕೋಪರ್ನಿಕಸ್ ಹಿಡಿದ ದೀಪ ಯಾವುದು ಗೊತ್ತೇ? ಮೂಲಾ! ನಾವು ಮಾವನಿಗೆ ಕಂಟಕ ಎಂದು ಮುಖ ತಿರುಗಿಸುವ ನಕ್ಷತ್ರವನ್ನು, ದಾರಿ ತೋರುವ ಹಣತೆ ಎಂದು ಬಳಸಿದವರಿದ್ದಾರೆ.

1978ರ ಜನವರಿ 26ರಂದು, ನಾವು ಇಲ್ಲಿ ಗಣರಾಜ್ಯೋತ್ಸವದ ಧ್ವಜ ಹಾರಿಸಿದ ದಿನವೇ, ಅಮೆರಿಕ, ಬ್ರಿಟನ್ ಮತ್ತು ಯೂರೋಪು ಸೇರಿ ಕಟ್ಟಿದ ಅಂತರರಾಷ್ಟ್ರೀಯ ನೇರಳಾತೀತ ಅನ್ವೇಷಕ ಮೇಲೆ ಹೋಯಿತು. ಅದರ ಕನ್ನಡಿ ಬರೀ 45 ಸೆಂಟಿಮೀಟರ್, ಅಕ್ಕಿ ಕೇರುವ ಮೊರದಷ್ಟು. ಮೂರು ವರ್ಷ ಬಾಳಲಿ ಎಂದು ಕಟ್ಟಿದ್ದು ಹದಿನೆಂಟೂವರೆ ವರ್ಷಕ್ಕೂ ಹೆಚ್ಚು ದುಡಿಯಿತು. ದಿಕ್ಕು ಹಿಡಿದು ನಿಲ್ಲಿಸುವ ಆರು ಚಕ್ರಗಳಲ್ಲಿ ಐದು ಒಂದೊಂದಾಗಿ ಕೆಟ್ಟವು. ಪ್ರತಿ ಬಾರಿಯೂ ನೆಲದ ಮೇಲಿನವರು ಉಳಿದದ್ದರಲ್ಲೇ ಸಂಸಾರ ತೂಗಿಸುವ ಉಪಾಯ ಹುಡುಕಿದರು. ಇದು ನಮಗೆ ಹೆಂಗಸರಿಗೆ ಚೆನ್ನಾಗಿ ಅರ್ಥವಾಗುವ ವಿದ್ಯೆ. 1996ರ ಸೆಪ್ಟೆಂಬರ್ 30ರಂದು ಅದನ್ನು ಆರಿಸುವ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ರೋಹಿತಗಳನ್ನು ಅದು ಬರೆದಿಟ್ಟಿತ್ತು.

ಅದರ ಕಾಲದಲ್ಲೇ, 1987ರ ಫೆಬ್ರವರಿಯಲ್ಲಿ, ದಕ್ಷಿಣದ ಆಕಾಶದಲ್ಲಿ ಒಂದು ನಕ್ಷತ್ರ ಸಿಡಿಯಿತು. ನೂರಾರು ವರ್ಷದಲ್ಲಿ ಬರಿಗಣ್ಣಿಗೆ ಅಷ್ಟು ಚೆನ್ನಾಗಿ ಕಂಡ ಇನ್ನೊಂದು ಸಿಡಿತ ಇರಲಿಲ್ಲ. ಸತ್ತದ್ದು ಯಾವ ನಕ್ಷತ್ರವೆಂದು ಗುರುತು ಹಿಡಿಯಲು ನೆರವಾದದ್ದು ಈ ಮೊರದಗಲದ ಕನ್ನಡಿಯೇ. ಸ್ಥಳದಲ್ಲಿದ್ದ ಬಿಸಿಯಾದ ನೀಲಿ ನಕ್ಷತ್ರವೊಂದರ ನೇರಳಾತೀತ ಬೆಳಕು ಇಲ್ಲವಾಗಿತ್ತು. ನೀಲಿ ನಕ್ಷತ್ರ ಹಾಗೆ ಸಿಡಿದೀತೆಂದು ಆವರೆಗೆ ಹೆಚ್ಚಿನವರು ಎಣಿಸಿರಲಿಲ್ಲ. ಪುಸ್ತಕ ಹೇಳಿದ್ದು ಒಂದು, ಆಕಾಶ ತೋರಿಸಿದ್ದು ಇನ್ನೊಂದು. ಅವರು ಪುಸ್ತಕ ತಿದ್ದಿದರು. ನಾವು ಹುಡುಗಿಯ ಹುಟ್ಟಿದ ಹೊತ್ತು ತಿದ್ದುತ್ತೇವೆ.

ಇಂಥ ಸಿಡಿತದ ಬಗ್ಗೆ ಒಂದು ಮಾತು ಕೇಳಿ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ತಯಾರಾದದ್ದು ಇಂಥ ದೊಡ್ಡ, ಬಿಸಿ ನಕ್ಷತ್ರಗಳ ಹೊಟ್ಟೆಯಲ್ಲಿ. ಅವು ಗಾಳಿಯಾಗಿ ಬೀಸಿದ್ದು, ಸಿಡಿದು ಚೆಲ್ಲಿದ್ದು ಸೇರಿ ಮುಂದಿನ ನಕ್ಷತ್ರಗಳಾದವು, ನೆಲವಾಯಿತು, ನಾವಾದೆವು. ಮೂಲಾ ನಕ್ಷತ್ರವೂ ಸೂರ್ಯನ ಹತ್ತು ಪಟ್ಟಿನಷ್ಟು ತೂಕವುಳ್ಳ ಅದೇ ಜಾತಿಯದು. ಮಾವನವರು ಎಳೆಯುವ ಉಸಿರು ಅದರ ಹಳೆಯ ಬಳಗದವರು ಕೊಟ್ಟದ್ದು. ಉಸಿರು ಕೊಟ್ಟ ಬಳಗದ ಮೇಲೆ ಉಸಿರು ತೆಗೆದ ಆರೋಪ!

ಇನ್ನು ಆರೋಪದಲ್ಲಿರುವ ಅನ್ಯಾಯ ನೋಡಿ. ಚಿತ್ತಾ ನಕ್ಷತ್ರದ ಹೆಣ್ಣಿಗೆ ಮಾವನ ಕಾಟವಿಲ್ಲ. ಆದರೆ ಆಕಾಶದ ಚಿತ್ರಾ ಮತ್ತು ಮೂಲಾ ಎರಡೂ ಒಂದೇ ವರ್ಗದ ಬಿಸಿ ನೀಲಿ ನಕ್ಷತ್ರಗಳು; ಶಾಖವೂ ಹೆಚ್ಚುಕಡಿಮೆ ಒಂದೇ. ರೋಹಿತ ಓದಿದವರು ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಾರೆ. ನಾವು ಒಂದಕ್ಕೆ ಎಲೆ ಹಾಕಿ ಇನ್ನೊಂದನ್ನು ಎಬ್ಬಿಸುತ್ತೇವೆ. ನಿಜಕ್ಕೂ ಗಲಾಟೆ ಮಾಡಿದ ನಕ್ಷತ್ರ ಬೇಕೆಂದರೆ ಅನುರಾಧೆಯನ್ನು ಹಿಡಿಯಿರಿ. ಅದರ ನಡುವಿನ ತಾರೆ 2000ದ ನಡುವಿನಲ್ಲಿ ಇದ್ದಕ್ಕಿದ್ದಂತೆ ಹೆಚ್ಚು ಹೊಳೆಯತೊಡಗಿತು. ತನ್ನ ಸುತ್ತ ಅನಿಲದ ತಟ್ಟೆ ಕಟ್ಟಿಕೊಂಡಿತು. ಅರ್ಜೆಂಟೀನಾದ ಹವ್ಯಾಸಿಯೊಬ್ಬರು ಅದನ್ನು ಬರಿಗಣ್ಣಿನಲ್ಲಿ ಕಂಡುಹಿಡಿದರು. ನಮ್ಮ ಪಂಚಾಂಗದಲ್ಲಿ ಅದರ ಸುದ್ದಿ ಬಂತೇ? ಅನುರಾಧಾ ನಕ್ಷತ್ರದ ಹುಡುಗಿಯರಿಗೆ ಏನಾದರೂ ಆಯಿತೇ? ಇಲ್ಲ. ಆಗದಿದ್ದದ್ದೇ ಒಳ್ಳೆಯದು.

ಇನ್ನೊಂದು ವಿಚಿತ್ರ. ಜನ್ಮನಕ್ಷತ್ರ ಎಂದರೆ ಚಂದ್ರ ಆ ಹೊತ್ತಿಗೆ ಯಾವ ಪಾಲಿನಲ್ಲಿದ್ದಾನೆ ಎಂಬುದು. ಸರಿ, ಚಂದ್ರ ಮೂಲಾ ನಕ್ಷತ್ರವನ್ನು ಭೇಟಿ ಮಾಡುತ್ತಾನೆಯೇ? ಎಂದೂ ಇಲ್ಲ. ಸೂರ್ಯನ ದಾರಿಯಿಂದ ಆ ನಕ್ಷತ್ರ ಸುಮಾರು 14 ಡಿಗ್ರಿ ದಕ್ಷಿಣಕ್ಕಿದೆ. ಚಂದ್ರ ಆ ದಾರಿಯಿಂದ ಐದು ಡಿಗ್ರಿಗಿಂತ ತುಸುವೇ ಹೆಚ್ಚು ಸರಿಯಬಲ್ಲ. ತೀರಾ ಹತ್ತಿರ ಬಂದಾಗಲೂ ನಡುವೆ ಹದಿನಾರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಕೂರಿಸುವಷ್ಟು ಜಾಗ ಉಳಿದಿರುತ್ತದೆ. ಪಕ್ಕದ ಬೀದಿಯಲ್ಲಿ ಹಾದುಹೋದವನ ಹೆಸರಿನಲ್ಲಿ ಈ ಬೀದಿಯವರ ಮೇಲೆ ದೂರು ಕೊಟ್ಟ ಹಾಗಾಯಿತು! ಅದೂ ದೂರು ಕೊಡುವುದು ಹುಡುಗಿಯ ಮೇಲೆ ಮಾತ್ರ. ಒಂದೇ ಗಂಟೆಯಲ್ಲಿ ಅವಳಿ ಮಕ್ಕಳು ಹುಟ್ಟಿದರು ಎನ್ನಿ, ಒಂದು ಗಂಡು, ಒಂದು ಹೆಣ್ಣು. ಚಂದ್ರ ಅದೇ, ಮೂಲಾ ಅದೇ, ಕಿರಣ ಅದೇ. ಹುಡುಗ ಹೆಣ್ಣು ನೋಡಲು ಹೋದಾಗ ಅವನ ಮಾವನಾಗುವವರು ಹೆದರುವುದಿಲ್ಲ. ಹುಡುಗಿಯ ಮುಂದೆ ಮಾತ್ರ ಬಾಗಿಲು ಮುಚ್ಚುತ್ತದೆ. ನಕ್ಷತ್ರಕ್ಕೆ ಗಂಡು ಹೆಣ್ಣು ಗೊತ್ತಿಲ್ಲ, ಗೊತ್ತಿರುವುದು ನಮಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನಮ್ಮ ಅಭ್ಯಾಸವನ್ನು ಆಕಾಶದ ತಲೆಗೆ ಕಟ್ಟಿದ್ದೇವೆ, ಅಷ್ಟೆ.

ಈ ನಕ್ಷತ್ರಗಳನ್ನು ಓದಿದವರಲ್ಲಿ ಹೆಂಗಸರೆಷ್ಟಿದ್ದಾರೆ ಎಂಬುದನ್ನೂ ಕೇಳಿ. ನಕ್ಷತ್ರಗಳನ್ನು ಶಾಖದ ಕ್ರಮದಲ್ಲಿ ವರ್ಗ ಮಾಡಿದವರು ಅಮೆರಿಕದ ಹಾರ್ವರ್ಡಿನ ಆನಿ ಜಂಪ್ ಕ್ಯಾನನ್. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಗಾಜಿನ ಫಲಕದ ಮೇಲಿನ ಮೂರು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ರೋಹಿತಗಳನ್ನು ಕಣ್ಣಲ್ಲಿ ನೋಡಿ ವರ್ಗ ಹೇಳಿದರು. ಆ ವರ್ಗಗಳ ಅರ್ಥವನ್ನು ನಮ್ಮ ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣದ ಸಹಾಯದಿಂದ ಬಿಡಿಸಿದವರು ಸಿಸಿಲಿಯಾ ಪೇನ್. ನಕ್ಷತ್ರಗಳಲ್ಲಿ ಜಲಜನಕವೇ ಬಹುಪಾಲು ಎಂದು 1925ರಲ್ಲಿ ಲೆಕ್ಕ ಹಾಕಿದಾಗ, ದೊಡ್ಡ ವಿದ್ವಾಂಸರೊಬ್ಬರ ಒತ್ತಡಕ್ಕೆ, ತಮ್ಮ ಫಲಿತಾಂಶ ನಿಜವಿರಲಾರದು ಎಂದು ತಾವೇ ಬರೆಯಬೇಕಾಯಿತು. ನಾಲ್ಕು ವರ್ಷದ ಮೇಲೆ ಆ ವಿದ್ವಾಂಸರೇ ಅದೇ ತೀರ್ಮಾನಕ್ಕೆ ಬಂದರು. ಇನ್ನು ನ್ಯಾನ್ಸಿ ಗ್ರೇಸ್ ರೋಮನ್. ಶಾಲೆಯಲ್ಲಿ ಲ್ಯಾಟಿನ್ ಬದಲು ಬೀಜಗಣಿತ ಕೊಡಿ ಎಂದು ಕೇಳಿದ್ದಕ್ಕೆ, ಯಾವ ಮರ್ಯಾದಸ್ಥ ಹೆಣ್ಣು ಲೆಕ್ಕ ಓದುತ್ತಾಳೆ ಎಂಬರ್ಥದ ಮಾತು ಕೇಳಬೇಕಾಯಿತು, ಆಡಿದವರು ಹೆಂಗಸೇ. ಆ ಹುಡುಗಿ ಮುಂದೆ 1959ರಲ್ಲಿ ನಾಸಾ ಸೇರಿ, ಅದರ ಖಗೋಳ ವಿಭಾಗದ ಮೊದಲ ಮುಖ್ಯಸ್ಥೆಯಾದರು. ಮೇಲೆ ಹೇಳಿದ ಉಪಗ್ರಹಗಳ ಯೋಜನೆ ಅವರ ಕೈಯಲ್ಲೇ ನಡೆಯಿತು. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ತಾಯಿ ಎಂದು ಅವರನ್ನು ಕರೆಯುತ್ತಾರೆ. ಬಿಸಿ ನಕ್ಷತ್ರಗಳ ನೇರಳಾತೀತ ರೋಹಿತವನ್ನು ಹಬಲ್ ಇಷ್ಟು ವರ್ಷ ಬರೆಯುತ್ತ ಬಂದಿದೆ. 2021ರಲ್ಲಿ ಹೋದ ದೊಡ್ಡ ಜೇಮ್ಸ್ ವೆಬ್ ನೋಡುವುದು ಕೆಂಪಿನಾಚೆಯನ್ನು. ಈ ಕೆಲಸ ಅದಕ್ಕೆ ಆಗದು.

ಇದೆಲ್ಲ ಅಮೆರಿಕದ ಕತೆ, ನಮ್ಮದಲ್ಲ ಎನ್ನಬೇಡಿ. ಬೆಂಗಳೂರಿನ ಪಕ್ಕದ ಹೊಸಕೋಟೆ ಗೊತ್ತಲ್ಲ? ಬಿರಿಯಾನಿಗೆ ಹೆಸರಾದ ಆ ಊರಿನಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಪ್ರಯೋಗಶಾಲೆ ಇದೆ. ಒಂದು ಕಣ ಧೂಳೂ ಸೇರದ ಅದರ ಕೋಣೆಯಲ್ಲಿ 38 ಸೆಂಟಿಮೀಟರ್ ಕನ್ನಡಿಯ ಜೋಡಿ ನೇರಳಾತೀತ ದೂರದರ್ಶಕಗಳನ್ನು ಜೋಡಿಸಿದರು. 2015ರ ಸೆಪ್ಟೆಂಬರ್ 28ರಂದು ಅವು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಶ್ರೀಹರಿಕೋಟಾದಿಂದ ಮೇಲೇರಿದವು. ಮರುವರ್ಷವೇ ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಆ ಕಣ್ಣಿನಿಂದ, ಬಹಳ ಹಳೆಯ ಒಂದು ತಾರಾಗುಚ್ಛದಲ್ಲಿ, ನಕ್ಷತ್ರವೊಂದರ ಮಗ್ಗುಲಲ್ಲಿ ಅಡಗಿದ್ದ ಬಿಸಿ ಸಂಗಾತಿಯನ್ನು ಕಂಡುಹಿಡಿದರು. ಅನ್ನಪೂರ್ಣಿಯವರು 2019ರಲ್ಲಿ ಆ ಸಂಸ್ಥೆಯ ನಿರ್ದೇಶಕಿಯಾದರು. ನಮ್ಮ ಊರಿನ ಬಸ್ಸು ಹೋಗುವಷ್ಟು ಹತ್ತಿರದಲ್ಲಿ ಹೆಣ್ಣುಮಗಳೊಬ್ಬಳು ನಕ್ಷತ್ರದ ನಿಜವಾದ ಜಾತಕ ಓದುತ್ತಿರುವಾಗ, ನಾವು ಇನ್ನೊಬ್ಬ ಹೆಣ್ಣುಮಗಳ ಬಾಳನ್ನು ಅದೇ ನಕ್ಷತ್ರದ ಹೆಸರಿನಲ್ಲಿ ತಡೆಯುತ್ತಿದ್ದೇವೆ.

ಎರಡು ಮಾತು ನನಗೆ ಎದುರಾಗುತ್ತವೆ, ಗೊತ್ತು. ಮೊದಲನೆಯದು: "ನಮ್ಮ ಹಿರಿಯರು ದಡ್ಡರೇ?" ಖಂಡಿತ ಅಲ್ಲ. ಬರಿಗಣ್ಣಿನಲ್ಲಿ ಆಕಾಶ ನೋಡಿ, 27 ಮನೆ ಮಾಡಿ, ಚಂದ್ರನ ದಾರಿ ಗುರುತಿಸಿ, ತಿಥಿ ಲೆಕ್ಕ ಹಾಕಿದವರು ದಡ್ಡರಾಗಲು ಸಾಧ್ಯವಿಲ್ಲ. ಅವರು ತಲೆ ಎತ್ತಿ ನೋಡಿದರು. ನಾವು ತಲೆ ಎತ್ತುವುದನ್ನೇ ಬಿಟ್ಟು ಕ್ಯಾಲೆಂಡರಿನ ಹಿಂಬದಿ ನೋಡುತ್ತೇವೆ. ಹಿರಿಯರಿಗೆ ಅವಮಾನ ಮಾಡುತ್ತಿರುವವರು ಯಾರು? ಎರಡನೆಯದು: "ರಾಕೆಟ್ ಹಾರಿಸುವವರೇ ದೇವಸ್ಥಾನಕ್ಕೆ ಹೋಗುತ್ತಾರಲ್ಲ?" ಹೋಗಲಿ. ನಾನೂ ಹೋಗುತ್ತೇನೆ. ದೇವರ ಮುಂದೆ ಹಚ್ಚಿದ ದೀಪದಿಂದ ಯಾವ ಹುಡುಗಿಯ ಬಾಳೂ ಸುಡುವುದಿಲ್ಲ. ನನ್ನ ಜಗಳ ದೇವರೊಡನೆ ಅಲ್ಲ, ಪೂಜೆಯೊಡನೆ ಅಲ್ಲ. ನೋಡಿಯೇ ಇಲ್ಲದ ನಕ್ಷತ್ರದ ಹೆಸರಿನಲ್ಲಿ, ನೋಡಬಹುದಾದ ಹುಡುಗಿಯನ್ನು ನೋಡದೆ ತಳ್ಳುವ ಪದ್ಧತಿಯೊಡನೆ.

ಈಗ ಕಹಿಯಾದ ಮಾತು. ನಕ್ಷತ್ರ ಯಾವುದು ಎಂದು ಮೊದಲು ಕೇಳುವವರು ಯಾರು? ಗಂಡಸರಲ್ಲ, ನಾವು. ಗಂಡಿನ ತಾಯಿ, ಅತ್ತಿಗೆ, ಸೋದರತ್ತೆ. ನಮ್ಮ ಮಗಳಿಗೆ ಮೂಲಾ ಬಂದರೆ ಅಳುತ್ತೇವೆ, ಜಾತಕ ತಿದ್ದಿಸುತ್ತೇವೆ; ನಮ್ಮ ಮಗನಿಗೆ ಮೂಲಾ ನಕ್ಷತ್ರದ ಹುಡುಗಿ ಬಂದರೆ ಮೂಗು ಮುರಿಯುತ್ತೇವೆ. ಬಿ.ಪಿ., ಸಕ್ಕರೆ, ಬೀಡಿ, ಸಿಗರೇಟು ಇವುಗಳಿಂದ ಗಂಡಸು ಅರುವತ್ತರ ಮೇಲೆ ಸತ್ತರೆ ಡಾಕ್ಟರು ಕಾರಣ ಬರೆದು ಕೊಡುತ್ತಾರೆ. ಆ ಚೀಟಿಯ ಮೇಲೆ ಯಾವ ಡಾಕ್ಟರೂ ಮೂಲಾ ಎಂದು ಬರೆದದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಎರಡು ಕೆಲಸ ಮಾಡೋಣ. ಮಗಳು ಮೂಲಾ ನಕ್ಷತ್ರದವಳಾದರೆ ಮೂಲಾ ಎಂದೇ ಬರೆಸಿ, ಮೂಲಾ ಎಂದೇ ಹೇಳಿ. ಸುಳ್ಳಿನ ಮೇಲೆ ಕಳಿಸಿದ ಮಗಳು ಮಾವನ ಕೆಮ್ಮಿಗೆಲ್ಲ ನಡುಗಿ ಬಾಳಬೇಕಾಗುತ್ತದೆ. ಮಗನಿಗೆ ಹೆಣ್ಣು ನೋಡುವಾಗ ನಕ್ಷತ್ರದ ಪ್ರಶ್ನೆಯನ್ನು ಕೇಳಲೇಬೇಡಿ. ಬೇರೆಯವರು ಕೇಳಿದರೆ, "ನಮಗೆ ಅದು ಬೇಡ" ಎಂದು ಮನೆಯ ಹಿರಿಯ ಹೆಂಗಸು ಗಟ್ಟಿಯಾಗಿ ಒಂದು ಮಾತು ಹೇಳಿದರೆ ಸಾಕು, ಗಂಡಸರು ಸುಮ್ಮನಾಗುತ್ತಾರೆ. ನಾನು ನೋಡಿದ್ದೇನೆ.

ಆಗಸ್ಟ್ ತಿಂಗಳಲ್ಲಿ ಮಳೆ ಬಿಡುವು ಕೊಟ್ಟ ಸಂಜೆ, ಎಂಟು ಗಂಟೆಯ ಹೊತ್ತಿಗೆ, ತಾರಸಿ ಹತ್ತಿ ದಕ್ಷಿಣಕ್ಕೆ ನೋಡಿ. ಚೇಳಿನ ಬಾಲ ಬಾಗಿ ನಿಂತಿರುತ್ತದೆ. ತುದಿಯಲ್ಲಿ ಜೋಡಿ ಚುಕ್ಕಿಗಳಿವೆ. ಹೆಚ್ಚು ಹೊಳೆಯುವುದೇ ಮೂಲಾ. ಮಗಳನ್ನೂ ಸೊಸೆಯನ್ನೂ ಕರೆದು ತೋರಿಸಿ. ಮಾವನವರಿಗೆ ಮೆಟ್ಟಿಲು ಹತ್ತಲು ಆಗುವುದಾದರೆ ಅವರನ್ನೂ ಕರೆಯಿರಿ.